ಮಂತ್ರಶಾಲೆಯಲ್ಲಿ ವಿಜ್ಞಾನಿ
(ಸಿ. ಪಿ. ಸ್ನೋ ಅವರ ‘ಸೈನ್ಸ್ ಅಂಡ್ ಗವರ್ನಮೆಂಟ್’ ಎಂಬ ಗ್ರಂಥದ ವಿಮರ್ಶೆ)

ರಾಜನಿಗೆ ಹಿತವನ್ನು ಹೇಳುವವನ ಪಾಡು ಭಾರತೀಯ ಕಾವ್ಯಗಳಿಗೆ ಬಹು ಹಳೆಯ ವಸ್ತು. ಮಾರೀಚನು ರಾವಣನಿಗೆ ಹೇಳಿದನು, ವಿಭೀಷಣನು ಹೇಳಿದನು, ವಿದುರನು ನಿದ್ರೆಗೆಟ್ಟ ಧೃತರಾಷ್ಟ್ರನ ಬಳಿ ಕುಳಿತು ರಾತ್ರಿಯೆಲ್ಲ ಹೇಳಿದನು. ಕೇಳಿದವರಲ್ಲಿ ಒಬ್ಬನೂ ಅದರಂತೆ ನಡೆಯಲಿಲ್ಲ. ಆದರೂ ಈ ಮೂವರು ಹೇಳಿದುದು ಕೇಳುವವನಿಗೆ ತಿಳಿಯದ ವಿಷಯವಾಗಿರಲಿಲ್ಲ. ಪರಸ್ತ್ರೀಯನ್ನು ಕದ್ದು ತರುವುದು ಪಾಪವೆಂಬುದನ್ನು ರಾವಣನು ಬಲ್ಲನು. ಪಾಂಡವರಿಗೆ ಭಾಗವನ್ನು ಕೊಡಬೇಕೆಂಬುದನ್ನು ಧೃತರಾಷ್ಟ್ರನೂ ಬಲ್ಲನು. ಅವರಿಗೆ ಕೊರತೆಯಾದುದು ಮನಸ್ಸೇ ಹೊರತು ತಿಳಿವಳಿಕೆಯಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮಂತ್ರಶಾಲೆಗೆ ಬೇರೊಂದು ಬಗೆಯ ಮಂತ್ರಿಯು ಪ್ರವೇಶಿಸಿದನು. ಅವನು ತರುವ ಹಿತವಚನವು ಲೆಕ್ಕದ ರೂಪದಲ್ಲಿರುತ್ತದೆ. ಆ ಲೆಕ್ಕವನ್ನು ಬಿಡಿಸಿ ನೋಡುವ ಶಕ್ತಿಯು ಪ್ರಭುವಿಗಿರುವುದಿಲ್ಲ. ಸಭೆಯಲ್ಲಿ ಕುಳಿತಿರುವ ಮಿಕ್ಕ ಮಂತ್ರಿಗಳಿಗೂ ಇರುವುದಿಲ್ಲ. ಯಾರ ಹೆಸರಿನಲ್ಲಿ ರಾಜ್ಯವು ನಡೆಯುತ್ತದೆಯೋ ಆ ಪ್ರಜೆಗಳಿಗಂತೂ ಅಂಥ ಲೆಕ್ಕವೊಂದು ನಡೆಯಿತೆಂಬ ಸುದ್ದಿಯೇ ತಲಪುವುದಿಲ್ಲ. ಹೀಗಿರುವಾಗ ಪ್ರಭುವು ಹೇಳಿದ ಮಾತನ್ನು ತೂಗಲಾರದೆ ಹೇಳಿದ ಮನುಷ್ಯನನ್ನು ತೂಗುತ್ತಾನೆ. ನಂಬಿಕೆಯಿರುವವನ ಲೆಕ್ಕವು ಸರಿಯೆನಿಸುತ್ತದೆ. ನಂಬಿಕೆಯಿಲ್ಲದವನ ಲೆಕ್ಕವು ಹಗೆಯ ಮಾತೆನಿಸುತ್ತದೆ. ಈ ಹೊಸ ಸಂಕಟವನ್ನು ಕಣ್ಣಿಗೆ ಕಟ್ಟುವಂತೆ ಬರೆದ ಗ್ರಂಥಗಳಲ್ಲಿ ಚಾರ್ಲ್ಸ್ ಪರ್ಸಿ ಸ್ನೋ ಅವರ ಈ ಚಿಕ್ಕ ಪುಸ್ತಕಕ್ಕೆ ಮೊದಲ ಪಂಕ್ತಿಯಲ್ಲಿ ಸ್ಥಾನವುಂಟು. ೧೯೬೦ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅವರು ಮಾಡಿದ ಗಾಡ್ಕಿನ್ ಉಪನ್ಯಾಸಗಳು ೧೯೬೧ರಲ್ಲಿ ಗ್ರಂಥರೂಪವಾಗಿ ಹೊರಬಂದವು.

ಗ್ರಂಥಕರ್ತರ ಪರಿಚಯವನ್ನು ಸಂಕ್ಷೇಪವಾಗಿ ಹೇಳಬಹುದು. ೧೯೦೫ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಹುಟ್ಟಿದ ಸ್ನೋ ಅವರು ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರವನ್ನು ವ್ಯಾಸಂಗಮಾಡಿ, ಅನಂತರ ಕಾದಂಬರಿಕಾರರಾದರು. ‘ಸ್ಟ್ರೇಂಜರ್ಸ್ ಅಂಡ್ ಬ್ರದರ್ಸ್’ ಎಂಬ ಅವರ ಕಾದಂಬರೀಮಾಲೆಯಲ್ಲಿ ಹನ್ನೊಂದು ಸಂಪುಟಗಳಿವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕಾರದ ಕೆಲಸಗಳಿಗೆ ವಿಜ್ಞಾನಿಗಳನ್ನು ಆರಿಸುವ ಹೊಣೆಯನ್ನು ಹೊತ್ತಿದ್ದರು. ವಿಜ್ಞಾನಿಗಳೂ ಸಾಹಿತ್ಯಜ್ಞರೂ ಒಬ್ಬರ ಭಾಷೆಯನ್ನು ಒಬ್ಬರು ಅರಿಯದೆ ಎರಡು ಕುಲಗಳಾಗಿ ಒಡೆದುಹೋಗಿರುವರೆಂದು ೧೯೫೯ರಲ್ಲಿ ಅವರು ಮಾಡಿದ ಉಪನ್ಯಾಸವು ಎಷ್ಟೋ ವಿವಾದಗಳಿಗೆ ಎಡೆಗೊಟ್ಟಿತು. ೧೯೬೪ರಿಂದ ಎರಡು ವರ್ಷ ತಾವೇ ಸರಕಾರದಲ್ಲಿ ಉಪಮಂತ್ರಿಯ ಪದವಿಯಲ್ಲಿದ್ದರು, ೧೯೮೦ರಲ್ಲಿ ತೀರಿಕೊಂಡರು. ಪ್ರಯೋಗಶಾಲೆ, ಕಚೇರಿ, ಕಾದಂಬರಿ ಈ ಮೂರನ್ನೂ ಒಳಗಿನಿಂದ ಕಂಡ ಈ ಲೇಖಕರಿಗೆ ಇಂಥ ವಸ್ತುವಿನಲ್ಲಿ ಅಧಿಕಾರವುಂಟೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಗ್ರಂಥದ ಕಥಾವಸ್ತು ಇಬ್ಬರು ವಿಜ್ಞಾನಿಗಳ ವೈರ. ಒಬ್ಬರು ಹೆನ್ರಿ ಟಿಜರ್ಡ್. ಇನ್ನೊಬ್ಬರು ಫ್ರೆಡರಿಕ್ ಲಿಂಡೆಮನ್, ಮುಂದೆ ಲಾರ್ಡ್ ಚೆರ್ವೆಲ್ ಎಂಬ ಬಿರುದನ್ನು ಪಡೆದವರು. ಇಬ್ಬರೂ ಯೌವನದಲ್ಲಿ ಬರ್ಲಿನ್ನಿನ ನೆರ್ನ್‌ಸ್ಟ್ ಎಂಬ ಆಚಾರ್ಯರಲ್ಲಿ ವ್ಯಾಸಂಗಮಾಡಿದವರು, ಆಗ ಸ್ನೇಹಿತರು. ಮೊದಲನೆಯ ಮಹಾಯುದ್ಧದಲ್ಲಿ ಇಬ್ಬರೂ ವಿಮಾನವನ್ನು ನಡೆಸಲು ಕಲಿತು, ಪ್ರಾಣಭಯವನ್ನು ಲೆಕ್ಕಿಸದೆ ಆಕಾಶದಲ್ಲಿಯೇ ಪರೀಕ್ಷೆಗಳನ್ನು ಮಾಡಿದರು. ಲಿಂಡೆಮನ್ನರು ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿ ಅಲ್ಲಿಯ ಪ್ರಯೋಗಶಾಲೆಯನ್ನು ಉದ್ಧಾರಮಾಡಿದರು. ಟಿಜರ್ಡರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮುಖ್ಯಸ್ಥರಾದರು.

ಜರ್ಮನಿಯಿಂದ ವಿಮಾನದಾಳಿಯ ಭಯವು ಮೂಡಿದಾಗ, ಆಕಾಶರಕ್ಷಣೆಗೆ ವಿಜ್ಞಾನದಿಂದ ಏನಾದರೂ ಸಹಾಯವಾದೀತೆ ಎಂದು ವಿಚಾರಿಸಲು ಟಿಜರ್ಡರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಏರ್ಪಟ್ಟು, ೧೯೩೫ರ ಜನವರಿಯಲ್ಲಿ ಮೊದಲ ಸಭೆಯನ್ನು ಸೇರಿತು. ದೇಹಶಾಸ್ತ್ರಜ್ಞರಾದ ಎ. ವಿ. ಹಿಲ್, ಭೌತವಿಜ್ಞಾನಿಗಳಾದ ಪಿ. ಎಂ. ಎಸ್. ಬ್ಲ್ಯಾಕೆಟ್ ಮೊದಲಾದವರು ಅದರ ಸದಸ್ಯರು. ರೇಡಿಯೋ ಅಲೆಗಳು ವಿಮಾನಕ್ಕೆ ತಗುಲಿ ಹಿಂದಿರುಗುವುದರಿಂದ ಅದರ ಇರವನ್ನು ದೂರದಿಂದಲೇ ಕಾಣಬಹುದೆಂದು ವಾಟ್ಸನ್ ವಾಟ್ ಎಂಬವರು ಸೂಚಿಸಿದರು. ಅದೇ ಫೆಬ್ರವರಿ ೨೬ರಂದು ಡೇವೆಂಟ್ರಿಯ ಬಳಿ ಪ್ರಯೋಗವು ಫಲಿಸಿತು. ಮುಂದೆ ರೇಡಾರ್ ಎಂದು ಹೆಸರಾದ ಈ ಸಾಧನವನ್ನು ಸಮಿತಿಯು ದೃಢವಾಗಿ ಹಿಡಿಯಿತು. ಸಾಧನವನ್ನು ಕಂಡುಹಿಡಿದುದಕ್ಕಿಂತಲೂ ಹೆಚ್ಚಿನ ಕೆಲಸವೊಂದನ್ನು ಟಿಜರ್ಡರು ಮಾಡಿದರು. ವಿಮಾನಪಡೆಯ ಅಧಿಕಾರಿಗಳನ್ನೂ ವಿಜ್ಞಾನಿಗಳನ್ನೂ ಒಟ್ಟಿಗೆ ಕುಳ್ಳಿರಿಸಿ, ಬಂದ ಸುದ್ದಿಯನ್ನು ಉಪಯೋಗಿಸಿ ಶತ್ರುವನ್ನು ಎದುರ್ಗೊಳ್ಳುವುದು ಹೇಗೆಂಬುದನ್ನು ಯುದ್ಧಕ್ಕೆ ಮೊದಲೇ ಅಭ್ಯಾಸಮಾಡಿಸಿದರು. ವಿಜ್ಞಾನಿಯು ಯೋಧನಿಗೆ ಉಪದೇಶಮಾಡದೆ ಯೋಧನಿಂದ ಕಲಿಯಲೂ ಸಿದ್ಧನಾದುದರಿಂದ ೧೯೪೦ರ ಆಕಾಶಯುದ್ಧದಲ್ಲಿ ಇಂಗ್ಲೆಂಡು ಉಳಿಯಿತು. ಗ್ರಂಥದ ಅತ್ಯಂತ ಬೆಲೆಯುಳ್ಳ ಪುಟಗಳು ಈ ಭಾಗದಲ್ಲಿವೆ.

ಚರ್ಚಿಲ್ಲರ ಒತ್ತಾಯದಿಂದ ಲಿಂಡೆಮನ್ನರು ೧೯೩೫ರಲ್ಲಿಯೇ ಈ ಸಮಿತಿಗೆ ಬಂದಿದ್ದರು. ಶಾಖಕಿರಣಗಳಿಂದ ವಿಮಾನವನ್ನು ಕಾಣುವುದು, ಆಕಾಶದಲ್ಲಿ ಸಣ್ಣ ಸಿಡಿಗುಂಡುಗಳನ್ನು ತೂಗಬಿಡುವುದು ಮೊದಲಾದ ತಮ್ಮ ಯೋಜನೆಗಳಿಗೆ ಅಗ್ರಸ್ಥಾನ ಬೇಕೆಂದು ಅವರು ಹಟ ಹಿಡಿದರು. ಜಗಳವು ಬಲಿತು ೧೯೩೬ರಲ್ಲಿ ಹಿಲ್ಲರೂ ಬ್ಲ್ಯಾಕೆಟ್ಟರೂ ರಾಜೀನಾಮೆಯಿತ್ತರು. ಮಂತ್ರಿಯು ಸಮಿತಿಯನ್ನು ಮತ್ತೆ ರಚಿಸುವಾಗ ಲಿಂಡೆಮನ್ನರನ್ನು ಬಿಟ್ಟುಬಿಟ್ಟನು. ೧೯೪೦ರ ಮೇ ತಿಂಗಳಲ್ಲಿ ಚರ್ಚಿಲ್ಲರು ಪ್ರಧಾನಿಯಾದ ಮೇಲೆ ಚಕ್ರವು ತಿರುಗಿತು. ಲಿಂಡೆಮನ್ನರು ಪ್ರಧಾನಿಯ ಬಲಗೈಯಾದರು. ಟಿಜರ್ಡರು ಜೂನ್ ತಿಂಗಳಲ್ಲಿ ಹೊರಬಿದ್ದರು.

ಕಥೆಯ ಎರಡನೆಯ ಸಂಧಿ ೧೯೪೨ರದು. ಆ ಮಾರ್ಚ್ ೩೦ರಂದು ಚೆರ್ವೆಲ್ಲರು ಪ್ರಧಾನಿಗೆ ಒಂದು ಚಿಕ್ಕ ಪತ್ರವನ್ನು ಒಪ್ಪಿಸಿದರು. ಅದರ ಲೆಕ್ಕ ಹೀಗಿತ್ತು: ಮುಂದಿನ ವರ್ಷದ ನಡುವಿನ ಹೊತ್ತಿಗೆ ಸುಮಾರು ೧೦,೦೦೦ ಬಾಂಬುವಿಮಾನಗಳು ತಯಾರಾಗುತ್ತವೆ, ಒಂದೊಂದು ವಿಮಾನವೂ ತನ್ನ ಆಯುಷ್ಯದಲ್ಲಿ ಸುಮಾರು ೪೦ ಟನ್ ಬಾಂಬನ್ನು ಹಾಕುತ್ತದೆ, ಒಂದು ಟನ್ ಬಾಂಬಿನಿಂದ ನೂರರಿಂದ ಇನ್ನೂರು ಜನರು ಮನೆ ಕಳೆದುಕೊಳ್ಳುತ್ತಾರೆ, ಈ ಭಾರದಲ್ಲಿ ಅರ್ಧವು ಜರ್ಮನಿಯ ೫೮ ದೊಡ್ಡ ಊರುಗಳ ಮೇಲೆ ಬಿದ್ದರೂ ಆ ದೇಶದ ಮೂರರಲ್ಲೊಂದು ಪಾಲು ಜನ ನಿರಾಶ್ರಯರಾಗುತ್ತಾರೆ, ಅದರಿಂದ ಅವರ ಧೈರ್ಯವು ಮುರಿಯುತ್ತದೆ. ಪತ್ರವನ್ನು ಓದಿದ ಟಿಜರ್ಡರು ಮನೆಗಳ ಸಂಖ್ಯೆಯು ಐದುಪಾಲು ಹೆಚ್ಚಾಯಿತೆಂದರು. ಬ್ಲ್ಯಾಕೆಟ್ಟರು ಬೇರೆಯಾಗಿ ಲೆಕ್ಕಹಾಕಿ ಆರುಪಾಲು ಹೆಚ್ಚೆಂದರು. ಯುದ್ಧವು ಮುಗಿದ ಮೇಲೆ ಎಣಿಸಿದಾಗ ಹತ್ತುಪಾಲು ಹೆಚ್ಚೆಂದು ತೋರಿತೆಂಬುದು ಸ್ನೋ ಅವರ ಮಾತು. ಎಚ್ಚರಿಕೆಯ ಮಾತುಗಳನ್ನು ಯಾರೂ ಲಕ್ಷಿಸಲಿಲ್ಲ, ಊರುಗಳು ಉರಿದವು.

ಇದು ಕಥೆ. ಇನ್ನು ಇದರ ಗುಣದೋಷಗಳನ್ನು ನೋಡಬೇಕು.

ಸ್ನೋ ಅವರ ನಿರೂಪಣೆಯಲ್ಲಿ ಕಾದಂಬರಿಕಾರನ ಕೈ ಎಲ್ಲೆಲ್ಲಿಯೂ ಕಾಣುತ್ತದೆ. ಟಿಜರ್ಡರು ನೌಕಾಪಡೆಯ ಅಧಿಕಾರಿಯ ಮಗ. ಕಣ್ಣಿನ ದೋಷದಿಂದ ಆ ಪಡೆಯನ್ನು ಸೇರಲಾರದೆ ಹೋದವರು. ಒರಟು ಮಾತಿನ, ನೇರ ನಡತೆಯ ಮನುಷ್ಯ. ಲಿಂಡೆಮನ್ನರು ಮದ್ಯ ಮಾಂಸ ಹೊಗೆಸೊಪ್ಪುಗಳನ್ನು ಮುಟ್ಟದವರು. ಮೊಟ್ಟೆಯ ಬಿಳಿಯ ಭಾಗ, ಗಿಣ್ಣು, ಎಣ್ಣೆ ಇವುಗಳಿಂದ ಬದುಕಿದವರು. ಧನಿಕರು, ಒಂಟಿ, ಮನಸ್ಸಿನಲ್ಲಿಟ್ಟುಕೊಂಡ ಕಹಿಯನ್ನು ಬಿಡದವರು. ಬರ್ಲಿನ್ನಿನ ವ್ಯಾಯಾಮಶಾಲೆಯಲ್ಲಿ ಇಬ್ಬರೂ ಮುಷ್ಟಿಯುದ್ಧವಾಡಿ ಲಿಂಡೆಮನ್ನರು ಸೋತು, ಆ ಸೋಲನ್ನು ಎಂದೂ ಕ್ಷಮಿಸಲಿಲ್ಲವೆಂಬ ಪ್ರಸಂಗವೂ ಬರುತ್ತದೆ. ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಟಿಜರ್ಡರು ಧೀರೋದಾತ್ತ ನಾಯಕ. ಲಿಂಡೆಮನ್ನರು ಧೀರೋದ್ಧತ ಪ್ರತಿನಾಯಕ. ಪ್ರತಿನಾಯಕನನ್ನೂ ಅಲ್ಪನನ್ನಾಗಿ ಮಾಡದಿರುವುದು ಉತ್ತಮ ಕವಿಯ ಲಕ್ಷಣ; ಆ ಲಕ್ಷಣವು ಇಲ್ಲಿದೆ. ಲಿಂಡೆಮನ್ನರ ಧೈರ್ಯವನ್ನೂ ಬುದ್ಧಿಯನ್ನೂ ಸ್ನೋ ಅವರು ಮುಚ್ಚಿಡುವುದಿಲ್ಲ.

ಆದರೆ ಕಾವ್ಯಕ್ಕೆ ಭೂಷಣವಾದುದು ವಿಚಾರಕ್ಕೆ ತೊಡಕಾಗಬಹುದು. ಮುಷ್ಟಿಯುದ್ಧದ ಪ್ರಸಂಗಕ್ಕೆ ಆಧಾರವು ಟಿಜರ್ಡರೇ ಬರೆದಿಟ್ಟ ಆತ್ಮವೃತ್ತಾಂತ. ಎಂದರೆ ಒಂದು ಪಕ್ಷದ ಸಾಕ್ಷ್ಯ. ಅದು ನಿಜವೇ ಆಗಿದ್ದರೂ, ೧೯೪೨ರ ಲೆಕ್ಕವೊಂದು ತಪ್ಪಾಗಿದ್ದುದಕ್ಕೂ ಮೂವತ್ತು ವರ್ಷ ಹಿಂದೆ ಬಿದ್ದ ಏಟಿಗೂ ಕಾರ್ಯಕಾರಣಸಂಬಂಧವನ್ನು ಕಲ್ಪಿಸುವುದು ಔಚಿತ್ಯವಲ್ಲ. ಸ್ವಭಾವವನ್ನು ಇಷ್ಟು ಚೆನ್ನಾಗಿ ಬಣ್ಣಿಸಿದ ಮೇಲೆ ವಾಚಕನು ಏನು ತಿಳಿಯುತ್ತಾನೆ? ಒಳ್ಳೆಯವನು ಮಂತ್ರಿಯಾಗಿದ್ದರೆ ಒಳ್ಳೆಯದಾಗುತ್ತಿತ್ತು, ಕೆಟ್ಟವನು ಮಂತ್ರಿಯಾದುದರಿಂದ ಕೆಟ್ಟುದಾಯಿತು ಎಂದು. ರಾಜ್ಯಶಾಸ್ತ್ರದಲ್ಲಿ ಇದಕ್ಕಿಂತ ನಿಷ್ಪ್ರಯೋಜಕವಾದ ಪಾಠವಿಲ್ಲ. ಏಕೆಂದರೆ ಯಾರು ಒಳ್ಳೆಯವರೆಂಬುದು ಕಥೆ ಮುಗಿದ ಮೇಲೆಯೇ ತಿಳಿಯುತ್ತದೆ.

ಅದು ಹಾಗಿರಲಿ, ನಾಯಕನೂ ಎಲ್ಲ ಕಾಲದಲ್ಲಿಯೂ ಸರಿಯಾಗಿದ್ದನೆ? ೧೯೪೦ರ ಜೂನ್ ೨೧ರಂದು ಪ್ರಧಾನಿಯ ಸಮ್ಮುಖದಲ್ಲಿ ಒಂದು ಸಭೆ ನಡೆಯಿತು. ಜರ್ಮನರು ರೇಡಿಯೋ ಕಿರಣಗಳ ಜಾಡು ಹಿಡಿದು ಕತ್ತಲಲ್ಲಿ ಬಾಂಬುವಿಮಾನಗಳನ್ನು ನಡೆಸುವರೆಂದು ಇಪ್ಪತ್ತೆಂಟು ವರ್ಷ ವಯಸ್ಸಿನ ಆರ್. ವಿ. ಜೋನ್ಸ್ ಎಂಬ ವಿಜ್ಞಾನಿಯು ಅಲ್ಲಿ ವಿವರಿಸಿದನು. ಲಿಂಡೆಮನ್ನರು ಅವನ ಮಾತನ್ನು ನಂಬಿದರು, ಟಿಜರ್ಡರು ಸಂದೇಹಪಟ್ಟರು. ಆ ರಾತ್ರಿಯೇ ಪರೀಕ್ಷೆಗೆ ಹೋದ ವಿಮಾನವು ಕಿರಣಗಳನ್ನು ಕಂಡಿತು. ಜೋನ್ಸರೇ ‘ಮೋಸ್ಟ್ ಸೀಕ್ರೆಟ್ ವಾರ್’ ಎಂಬ ತಮ್ಮ ೧೯೭೮ರ ಗ್ರಂಥದಲ್ಲಿ ಇದನ್ನು ಬರೆದಿದ್ದಾರೆ. ಸ್ನೋ ಅವರ ಚಿತ್ರದಲ್ಲಿ ಈ ಘಟನೆಗೆ ತಕ್ಕ ಸ್ಥಾನ ದೊರೆತಿಲ್ಲ. ೧೯೩೩ರ ಅನಂತರ ಹಿಟ್ಲರನ ಹಿಂಸೆಗೆ ಸಿಕ್ಕಿದ ಯೆಹೂದಿ ಭೌತವಿಜ್ಞಾನಿಗಳನ್ನು ಕರೆತಂದು ಆಕ್ಸ್‌ಫರ್ಡ್‌ನಲ್ಲಿ ಆಶ್ರಯಕೊಟ್ಟವರೂ ಲಿಂಡೆಮನ್ನರೇ. ಗ್ರಂಥವು ಹೊರಬಂದೊಡನೆ ಇಂಥ ಆಕ್ಷೇಪಗಳು ಅನೇಕರಿಂದ ಬಂದವು. ೧೯೬೨ರಲ್ಲಿ ಸ್ನೋ ಅವರು ಅನುಬಂಧವೊಂದನ್ನು ಪ್ರಕಟಿಸಿ ಉತ್ತರವಿತ್ತರು.

ಈಗ ೧೯೪೨ರ ಪತ್ರವನ್ನೇ ನ್ಯಾಯಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಪತ್ರದಲ್ಲಿರುವುದು ಒಂದು ಅನುಮಾನ, ಎಂದರೆ ಒಂದು ಕಾರಣವನ್ನು ಹಿಡಿದು ಮಾಡಿದ ನಿರ್ಣಯ. ಜರ್ಮನ್ ಜನರು ಪಕ್ಷ; ಅವರ ಧೈರ್ಯವು ಮುರಿಯುವುದೆಂಬುದು ಸಾಧ್ಯ; ಅವರು ಮನೆ ಕಳೆದುಕೊಳ್ಳುವರೆಂಬುದು ಹೇತು. ಮನೆ ಹೋದಲ್ಲೆಲ್ಲ ಧೈರ್ಯ ಹೋಗುತ್ತದೆಂಬುದು ವ್ಯಾಪ್ತಿ. ಜರ್ಮನರ ಬಾಂಬಿಗೆ ಸಿಕ್ಕಿದ ಹಲ್ ಎಂಬ ಇಂಗ್ಲಿಷ್ ಊರು ದೃಷ್ಟಾಂತ.

ಇಂಥ ಅನುಮಾನವು ಎರಡು ಬಗೆಯಲ್ಲಿ ಕೆಡಬಹುದು. ಹೇತುವೇ ಪಕ್ಷದಲ್ಲಿ ಇಲ್ಲದೆ ಹೋದರೆ ಅದು ಅಸಿದ್ಧ; ಹೇತುವಿದ್ದರೂ ಸಾಧ್ಯವು ಅದನ್ನು ಹಿಂಬಾಲಿಸದೆ ಹೋದರೆ ಅದು ವ್ಯಭಿಚಾರ. ಟಿಜರ್ಡರೂ ಬ್ಲ್ಯಾಕೆಟ್ಟರೂ ತೋರಿಸಿದುದು ಮೊದಲನೆಯ ದೋಷವನ್ನು: ಹೇಳಿದಷ್ಟು ವಿಮಾನಗಳು ಆಗುವುದಿಲ್ಲ, ಆದಷ್ಟೂ ಗುರಿ ಮುಟ್ಟುವುದಿಲ್ಲ, ಆದುದರಿಂದ ಅಷ್ಟು ಮನೆಗಳು ಬೀಳುವುದಿಲ್ಲ. ಸ್ನೋ ಅವರ ಕಥನದ ಭಾರವೆಲ್ಲ ಈ ಐದು, ಆರು, ಹತ್ತು ಎಂಬ ಸಂಖ್ಯೆಗಳ ಮೇಲೆ ಬೀಳುತ್ತದೆ. ಎರಡನೆಯ ದೋಷವು ಇದಕ್ಕಿಂತ ದೊಡ್ಡದು. ಹಲ್ ಮತ್ತು ಬರ್ಮಿಂಗ್‌ಹ್ಯಾಮ್ ಊರುಗಳಲ್ಲಿ ಬಾಂಬುದಾಳಿಯ ಪರಿಣಾಮವನ್ನು ಜ಼ಕರ್‌ಮನ್, ಬರ್ನಾಲ್ ಎಂಬ ವಿಜ್ಞಾನಿಗಳು ಮನೆಮನೆಯ ವಿವರ ತೆಗೆದು ಪರಿಶೋಧಿಸಿದ್ದರು. ಮನೆಗಳು ಬಿದ್ದುದು ನಿಜ. ಆದರೆ ಜನರು ದಿಗಿಲುಗೊಂಡು ಎದೆಗೆಟ್ಟ ಗುರುತು ಎರಡು ಊರುಗಳಲ್ಲಿಯೂ ಕಾಣಲಿಲ್ಲವೆಂಬುದು ಆ ಪರಿಶೋಧನೆಯ ನಿರ್ಣಯ. ಚೆರ್ವೆಲ್ಲರ ಪತ್ರವೋ ಅದೇ ಹಲ್ ಊರಿನಲ್ಲಿ ಮನಸ್ಸು ಕುಗ್ಗಿದ ಚಿಹ್ನೆಗಳಿದ್ದುವೆಂದು ಹೇಳಿತು. ತನಗೆ ಸಾಕ್ಷಿಯೆಂದು ಕರೆದ ದೃಷ್ಟಾಂತವೇ ತನಗೆ ಎದುರಾಗಿ ನಿಂತಿರಲು ಅದನ್ನು ಅನುಕೂಲಸಾಕ್ಷಿಯೆಂದು ಬರೆದಂತಾಯಿತು. ಸಂಖ್ಯೆಯ ತಪ್ಪು ಗಣಿತದ ತಪ್ಪು. ಇದು ಪ್ರಾಮಾಣಿಕತೆಯ ತಪ್ಪು. ಸ್ನೋ ಅವರು ಗಣಿತದ ತಪ್ಪನ್ನು ಎತ್ತಿ ಹಿಡಿದು, ಹೆಚ್ಚಿನ ತಪ್ಪನ್ನು ಅದರ ನೆರಳಿನಲ್ಲಿ ಬಿಟ್ಟರು.

ತಾರೀಖುಗಳನ್ನು ಜೋಡಿಸಿ ನೋಡಿದರೆ ಮತ್ತೊಂದು ವಿಷಯವು ಹೊರಪಡುತ್ತದೆ. ಊರುಗಳ ಜನವಸತಿಯನ್ನೇ ಗುರಿಯಾಗಿಸಬೇಕೆಂಬ ಆಜ್ಞೆಯು ಬಾಂಬುಪಡೆಗೆ ಹೋದುದು ೧೯೪೨ರ ಫೆಬ್ರವರಿ ೧೪ರಂದು. ಹ್ಯಾರಿಸ್ ಎಂಬ ಸೇನಾನಿಯು ಆ ಪಡೆಯ ಆಧಿಪತ್ಯವನ್ನು ವಹಿಸಿಕೊಂಡುದು ಅದೇ ತಿಂಗಳ ೨೨ರಂದು. ಲ್ಯೂಬೆಕ್ ನಗರವು ಸುಟ್ಟುದು ಮಾರ್ಚ್ ತಿಂಗಳ ೨೮-೨೯ರ ರಾತ್ರಿ. ಚೆರ್ವೆಲ್ಲರ ಪತ್ರದ ತಾರೀಖು ಮಾರ್ಚ್ ೩೦. ತೀರ್ಮಾನವು ಮೊದಲು, ಲೆಕ್ಕವು ಆಮೇಲೆ. ಹೀಗೆ ನೋಡಿದಾಗ ಚೆರ್ವೆಲ್ಲರು ಕಥೆಯ ಕಾರಣಪುರುಷರಾಗಿ ಉಳಿಯುವುದಿಲ್ಲ. ಆಗಲೇ ಹೊರಟ ರಥಕ್ಕೆ ಧ್ವಜವನ್ನು ಕಟ್ಟಿಕೊಟ್ಟವರಾಗುತ್ತಾರೆ. ಇದರಿಂದ ಅವರ ಅಪರಾಧವು ಕಡಿಮೆಯಾಯಿತೆಂದು ಕೆಲವರು ವಾದಿಸಬಹುದು. ವಾಸ್ತವವಾಗಿ ಅದರ ಜಾತಿ ಬದಲಾಯಿತು. ತಪ್ಪು ಲೆಕ್ಕದಿಂದ ಪ್ರಭುವನ್ನು ದಾರಿ ತಪ್ಪಿಸುವುದು ಒಂದು. ಪ್ರಭುವು ಹಿಡಿದ ದಾರಿಗೆ ಲೆಕ್ಕವನ್ನು ಒದಗಿಸುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕರ. ಏಕೆಂದರೆ ಅದನ್ನು ಮಾಡಲು ದುಷ್ಟನೇ ಬೇಕಾಗಿಲ್ಲ, ಪ್ರಭುವಿನಲ್ಲಿ ಪ್ರೀತಿಯುಳ್ಳವನೇ ಸಾಕು.

ಇದೇ ಮನುಷ್ಯನು ಬೇರೆ ರೀತಿಯಾಗಿ ನಡೆದ ಸಂದರ್ಭವೂ ಉಂಟೆಂಬುದು ಗಮನಾರ್ಹ. ೧೯೪೧ರಲ್ಲಿ ಬಾಂಬುಪಡೆಯವರು ತಾವು ಗುರಿಗಳನ್ನು ಚೆನ್ನಾಗಿ ಹೊಡೆಯುತ್ತಿರುವೆವೆಂದು ವರದಿಮಾಡುತ್ತಿದ್ದರು. ಲಿಂಡೆಮನ್ನರಿಗೆ ಸಂದೇಹ ಬಂದಿತು. ತಮ್ಮ ಕಚೇರಿಯ ಬಟ್ ಎಂಬವರಿಂದ ವಿಮಾನಗಳು ತೆಗೆದ ಛಾಯಾಚಿತ್ರಗಳನ್ನು ಪರೀಕ್ಷೆಮಾಡಿಸಿದರು. ಗುರಿಯನ್ನು ಹೊಡೆದುದಾಗಿ ಹೇಳಿಕೊಂಡ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿತ್ತೆಂದು ಗೊತ್ತಾಯಿತು. ವಿಮಾನಪಡೆಗೆ ಅಪ್ರಿಯವೂ ರಾಜ್ಯಕ್ಕೆ ಹಿತವೂ ಆದ ಕೆಲಸವದು. ಆಗ ಎಣಿಕೆಯು ಮೊದಲು ಬಂದಿತು, ತೀರ್ಮಾನವು ಅನಂತರ. ಏಳೆಂಟು ತಿಂಗಳ ಅಂತರದಲ್ಲಿ ಒಬ್ಬನೇ ವಿಜ್ಞಾನಿಯು ಒಮ್ಮೆ ಉತ್ತಮ ಮಂತ್ರಿಯೂ ಒಮ್ಮೆ ಅಧಮ ಮಂತ್ರಿಯೂ ಆದನು. ಸ್ವಭಾವವೊಂದನ್ನೇ ಹಿಡಿದು ಹೊರಟ ಗ್ರಂಥವು ಇದನ್ನು ಹೇಗೆ ಸಮಾಧಾನಮಾಡೀತು?

ಸಮಾಧಾನವು ಮನುಷ್ಯನಲ್ಲಿ ಅಷ್ಟಾಗಿ ಇಲ್ಲ, ಮಂತ್ರಶಾಲೆಯ ಕಟ್ಟಡದಲ್ಲಿದೆ. ಇದಕ್ಕೆ ಬೇಕಾದ ಸಾಮಗ್ರಿಯು ಸ್ನೋ ಅವರ ಕಥೆಯಲ್ಲಿಯೇ ಇದೆ. ೧೯೩೬ರಲ್ಲಿ ಹಿಲ್ಲರೂ ಬ್ಲ್ಯಾಕೆಟ್ಟರೂ ರಾಜೀನಾಮೆಯಿತ್ತಾಗ ಅದಕ್ಕೆ ಬೆಲೆಯಿತ್ತು; ಸಮಿತಿಯ ಹೊರಗೆ ಒಬ್ಬ ಮಂತ್ರಿಯಿದ್ದನು, ಎರಡು ಪಕ್ಷಗಳನ್ನೂ ಕೇಳಿ ಒಂದನ್ನು ಆರಿಸುವ ಅವಕಾಶ ಅವನಿಗಿತ್ತು. ೧೯೪೨ರಲ್ಲಿ ಟಿಜರ್ಡರು ಬರೆದ ಆಕ್ಷೇಪವು ಹೋಗಿ ಸೇರಿದುದು ಎಲ್ಲಿಗೆ? ಯಾರ ಲೆಕ್ಕವನ್ನು ಆಕ್ಷೇಪಿಸಿದರೋ ಅವರಲ್ಲಿಗೇ, ಅವರ ಮಾತನ್ನು ನಂಬಿದ ಪ್ರಧಾನಿಯಲ್ಲಿಗೇ. ಮರುಲೆಕ್ಕವನ್ನು ಕೇಳುವ ಇನ್ನೊಂದು ಬಾಗಿಲಿರಲಿಲ್ಲ. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಈ ಸ್ಥಿತಿಯನ್ನು ಮೊದಲೇ ವಿಚಾರಿಸಿದ್ದಾನೆ. ಒಬ್ಬನೇ ಮಂತ್ರಿಯೊಡನೆ ಆಲೋಚಿಸಿದರೆ ಅವನು ಕಡಿವಾಣವಿಲ್ಲದೆ ತನ್ನಿಚ್ಛೆಯಂತೆ ನಡೆಯುವನು. ಇಬ್ಬರಾದರೆ, ಅವರು ಕೂಡಿದಾಗ ರಾಜನು ಅವರ ವಶನಾಗುವನು, ಜಗಳವಾಡಿದಾಗ ರಾಜಕಾರ್ಯವು ಕೆಡುವುದು. ಆದುದರಿಂದ ಮೂವರು ನಾಲ್ವರೊಡನೆ ಆಲೋಚಿಸಬೇಕೆಂಬುದು ಅವನ ಅಭಿಪ್ರಾಯ. ಟಿಜರ್ಡ್ ಲಿಂಡೆಮನ್ನರ ಕಥೆಯಲ್ಲಿ ಒಬ್ಬನ ದೋಷವೂ ಇಬ್ಬರ ದೋಷವೂ ಒಂದಾದ ಮೇಲೊಂದು ಪ್ರತ್ಯಕ್ಷವಾದವು.

ಸ್ನೋ ಅವರೂ ಇದನ್ನು ಅರಿಯದವರಲ್ಲ. ವಿಜ್ಞಾನಕ್ಕೆಲ್ಲ ಒಬ್ಬನನ್ನೇ ಒಡೆಯನನ್ನಾಗಿ ಮಾಡಬಾರದೆಂದು ಅವರು ಎಚ್ಚರಿಸುತ್ತಾರೆ. ಮುಚ್ಚಿದ ಬಾಗಿಲುಗಳ ಹಿಂದೆ, ಅಂಗೈಯಗಲದ ಕೂಟದಲ್ಲಿ, ದೇಶದ ಆಳುಬಾಳನ್ನು ಮುಟ್ಟುವ ನಿರ್ಣಯಗಳು ನಡೆಯುವುವೆಂಬುದು ಅವರ ಮುಖ್ಯವಾದ ಕೊರಗು. ಗುಟ್ಟಿನ ಅಮಲು, ಯಂತ್ರದ ಅಮಲು ಎಂಬ ಎರಡು ಮದಗಳನ್ನು ಅವರು ಗುರುತಿಸಿರುವುದು ಸೂಕ್ಷ್ಮದೃಷ್ಟಿಯ ಫಲ. ಆದರೆ ಕೊನೆಗೆ ಅವರು ಸೂಚಿಸುವ ಪರಿಹಾರವು, ಸರಕಾರದ ಎಲ್ಲ ಮೆಟ್ಟಿಲುಗಳಲ್ಲಿಯೂ ವಿಜ್ಞಾನಿಗಳು ಇರಬೇಕು, ಅವರಲ್ಲಿ ಮುಂದಾಲೋಚನೆಯ ಗುಣವುಂಟು ಎಂಬುದು. ಲಿಂಡೆಮನ್ನರೂ ವಿಜ್ಞಾನಿಗಳೇ ಅಲ್ಲವೆ? ಅವರಿಗಿಂತ ಎತ್ತರದ ಮೆಟ್ಟಿಲಲ್ಲಿ ಬೇರೆ ಯಾವ ವಿಜ್ಞಾನಿಯಿದ್ದನು? ರೋಗಕ್ಕೆ ಕಾರಣವೆಂದು ಬಣ್ಣಿಸಿದ ಪದಾರ್ಥವನ್ನೇ ಹೆಚ್ಚು ಪ್ರಮಾಣದಲ್ಲಿ ಔಷಧವೆಂದು ಕೊಟ್ಟಂತಾಯಿತು. ಬೇಕಾದುದು ವಿಜ್ಞಾನಿಗಳ ಸಂಖ್ಯೆಯಲ್ಲ. ಒಬ್ಬ ವಿಜ್ಞಾನಿಯು ಹೇಳಿದುದನ್ನು ಇನ್ನೊಬ್ಬನು ನಿರ್ಭಯವಾಗಿ ಪರೀಕ್ಷಿಸಿ ಹೇಳಬಹುದಾದ ಸ್ಥಳ. ಪ್ರಯೋಗಶಾಲೆಯಲ್ಲಿ ಇದು ನಿತ್ಯದ ನಿಯಮ; ಮಂತ್ರಶಾಲೆಯೊಳಗೆ ಕಾಲಿಟ್ಟೊಡನೆ ವಿಜ್ಞಾನಿಯು ಮೊದಲು ಹೊಸ್ತಿಲಾಚೆ ಬಿಟ್ಟುಬರುವುದು ಈ ನಿಯಮವನ್ನೇ.

ಗ್ರಂಥದ ಮೌನಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಭಾರತೀಯ ವಾಚಕನು ಗಮನಿಸದೆ ಇರಲಾರನು. ೧೯೪೩ರಲ್ಲಿ ಬಂಗಾಳವು ಕ್ಷಾಮಕ್ಕೆ ಸಿಕ್ಕಿತು. ೧೯೪೫ರ ವಿಚಾರಣಾ ಆಯೋಗವು ಸತ್ತವರನ್ನು ಸುಮಾರು ೧೫ ಲಕ್ಷವೆಂದು ಎಣಿಸಿತು. ಅನಂತರದ ವಿದ್ವಾಂಸರು ೩೦ ಲಕ್ಷದವರೆಗೂ ಹೇಳುತ್ತಾರೆ. ಆ ಬೇಸಗೆ ಮಳೆಗಾಲಗಳಲ್ಲಿ ಭಾರತ ಸರಕಾರವು ೫ ಲಕ್ಷ ಟನ್ ಗೋದಿಯನ್ನು ಬೇಡಿತು. ಹಡಗುಗಳಿಲ್ಲವೆಂಬುದು ಲಂಡನ್ನಿನ ಉತ್ತರ. ಬಂದುದು ಬೇಡಿದುದಕ್ಕೆ ಬಹಳ ಕಡಿಮೆ. ಹಡಗುಗಳ ಮತ್ತು ಧಾನ್ಯಗಳ ಲೆಕ್ಕದಲ್ಲಿ ಪ್ರಧಾನಿಗೆ ಆಲೋಚನೆ ಹೇಳುತ್ತಿದ್ದವರು ಇದೇ ಚೆರ್ವೆಲ್ಲರು ಮತ್ತು ಅವರ ಅಂಕಿ-ಅಂಶಗಳ ಕಚೇರಿ; ಭಾರತಕ್ಕೆ ಹಡಗುಗಳನ್ನು ತಿರುಗಿಸಬಾರದೆಂಬ ಕಡೆಗೆ ಅವರ ತೂಕ ಬಿದ್ದಿತು. ಮಧುಶ್ರೀ ಮುಖರ್ಜಿಯವರು ೨೦೧೦ರಲ್ಲಿ ಪ್ರಕಟಿಸಿದ ‘ಚರ್ಚಿಲ್ಸ್ ಸೀಕ್ರೆಟ್ ವಾರ್’ ಎಂಬ ಗ್ರಂಥದಲ್ಲಿ ಹಳೆಯ ಕಾಗದಪತ್ರಗಳಿಂದ ಇದನ್ನು ವಿವರಿಸಿದ್ದಾರೆ. ಆ ಕಾಗದಪತ್ರಗಳು ಸ್ನೋ ಅವರಿಗೆ ದೊರೆಯದೆ ಇದ್ದಿರಬಹುದು. ಆ ಕಾರಣದಿಂದ ಅವರನ್ನು ದೂರುವುದು ನ್ಯಾಯವಲ್ಲ. ಕ್ಷಾಮವು ನಡೆದುದಂತೂ ಲೋಕಕ್ಕೆಲ್ಲ ತಿಳಿದಿತ್ತು. ವಿಜ್ಞಾನಿಯೊಬ್ಬನು ರಾಜ್ಯದ ಕಿವಿಯನ್ನು ಹಿಡಿದ ಕಥೆಯನ್ನು ಬರೆಯುವವರು, ಅವನ ಅಂಕಿಗಳು ಯುದ್ಧಭೂಮಿಯಲ್ಲದೆ ಬೇರೆಲ್ಲೆಲ್ಲಿಗೆ ತಲಪಿದುವೆಂದು ಕೇಳಬೇಕಾಗಿತ್ತು.

ಜರ್ಮನಿಯ ಮನೆಗಳ ಲೆಕ್ಕವನ್ನು ತಪ್ಪೆಂದು ತೋರಿಸಲು ಒಬ್ಬ ಟಿಜರ್ಡರೂ ಒಬ್ಬ ಬ್ಲ್ಯಾಕೆಟ್ಟರೂ ಇದ್ದರು. ಬಂಗಾಳದ ಅನ್ನದ ಲೆಕ್ಕಕ್ಕೆ ಆ ಕೊಠಡಿಯಲ್ಲಿ ಅಂಥ ಮರುಲೆಕ್ಕಗಾರನು ಯಾರೂ ಇರಲಿಲ್ಲ. ಭಾರತಮಂತ್ರಿಯಾದ ಎಮರಿಯವರು ಬೇಡಿಕೆಯನ್ನು ಮುಂದಿಟ್ಟರು. ಆದರೆ ಬೇಡುವುದು ಬೇರೆ, ಎದುರಾಳಿಯ ಅಂಕಿಗಳನ್ನು ಬಿಡಿಸಿ ತೋರಿಸುವುದು ಬೇರೆ. ಆ ಹಳೆಯ ಸಮಿತಿಯ ಹಿಲ್ಲರೇ ೧೯೪೩ರ ಕೊನೆಗೆ ಭಾರತಕ್ಕೆ ಬಂದು ಕೆಲವು ತಿಂಗಳು ಸಂಚರಿಸಿ, ಇಲ್ಲಿಯ ವಿಜ್ಞಾನಸಂಶೋಧನೆಯ ಮೇಲೆ ೧೯೪೪ರಲ್ಲಿ ವರದಿಯನ್ನು ಒಪ್ಪಿಸಿದರು. ಜನಸಂಖ್ಯೆ, ಆರೋಗ್ಯ, ಆಹಾರ, ನಿಸರ್ಗಸಂಪತ್ತು ಈ ನಾಲ್ಕೂ ಒಂದಕ್ಕೊಂದು ಹೆಣೆದ ಪ್ರಶ್ನೆಗಳೆಂದು ಅವರು ಕಂಡರು. ಆ ದೃಷ್ಟಿಯು ಮಂತ್ರಶಾಲೆಗೆ ಒಂದು ವರ್ಷ ಮೊದಲು ಹೋಗಿದ್ದರೆ ಎಂದು ಯಾರಿಗಾದರೂ ಅನ್ನಿಸದಿರದು. ತಪ್ಪು ಎಣಿಕೆಗಿಂತ ಎಣಿಕೆಗೇ ಸಿಕ್ಕದಿರುವುದು ಘೋರವೆಂಬ ಸತ್ಯವು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಹೊಳೆಯುತ್ತದೆ.

ಇನ್ನೊಂದು ವಿಷಯದಲ್ಲಿ ಸ್ನೋ ಅವರಿಗೆ ಮನ್ನಣೆ ಸಲ್ಲಬೇಕು. ಚೆರ್ವೆಲ್ಲರ ಪತ್ರವನ್ನು ವಿರೋಧಿಸಿದವರೂ ದಯೆಯ ಕಾರಣದಿಂದ ವಿರೋಧಿಸಲಿಲ್ಲವೆಂಬುದನ್ನು ಅವರು ಮರೆಮಾಡುವುದಿಲ್ಲ. ವಾದವು ನಡೆದುದು ಫಲದ ವಿಷಯವಾಗಿ: ಆ ವಿಮಾನಗಳನ್ನು ಅಟ್ಲಾಂಟಿಕ್ ಸಮುದ್ರದಲ್ಲಿ ಜಲಾಂತರ್ನೌಕೆಗಳನ್ನು ಬೇಟೆಯಾಡಲು ಬಳಸಿದರೆ ಹೆಚ್ಚು ಪ್ರಯೋಜನವೆಂಬುದು ಬ್ಲ್ಯಾಕೆಟ್ಟರ ಪಕ್ಷ. ಮನೆಯೊಳಗೆ ಮಲಗಿದ್ದ ಹೆಂಗಸರು ಮಕ್ಕಳು ಮುದುಕರ ಮಾತು ಯಾರ ಲೆಕ್ಕದಲ್ಲಿಯೂ ಬರಲಿಲ್ಲ. ಮುಂದೊಂದು ಕಾಲದಲ್ಲಿ ಹೆಚ್ಚು ಮೃದುಹೃದಯದ ಜನರು ಈ ದಫ್ತರಗಳನ್ನು ತೆರೆದು ನೋಡಿದರೆ ತಮ್ಮ ಪೀಳಿಗೆಯನ್ನು ಏನೆಂದಾರು ಎಂದು ಸ್ನೋ ಅವರು ಕೇಳಿಕೊಳ್ಳುತ್ತಾರೆ. ಗ್ರಂಥದಲ್ಲಿ ಕಾದಂಬರಿಕಾರನೂ ವಿಜ್ಞಾನಿಯೂ ಅಧಿಕಾರಿಯೂ ಹಿಂದೆ ಸರಿದು ಮನುಷ್ಯನೊಬ್ಬನೇ ಮಾತನಾಡುವ ಸ್ಥಳವದು. ಆ ಬಾಂಬುಪಡೆಯಲ್ಲಿಯೇ ೫೫,೫೭೩ ಮಂದಿ ತರುಣರು ಮಡಿದರೆಂಬುದನ್ನೂ, ಕೆಳಗೆ ಲಕ್ಷಗಟ್ಟಲೆ ನಿರಾಯುಧರು ಮಡಿದರೆಂಬುದನ್ನೂ ನೆನೆದರೆ, ಐದುಪಾಲು ಆರುಪಾಲು ಎಂಬ ಸಂಖ್ಯೆಗಳ ಹಿಂದೆ ಏನಿತ್ತೆಂಬ ಅರಿವಾಗುತ್ತದೆ. ಲೆಕ್ಕವು ಉಪಾಯವನ್ನು ತಿಳಿಸುತ್ತದೆ. ಉದ್ದೇಶವನ್ನು ತಿಳಿಸುವ ಶಕ್ತಿ ಅದಕ್ಕಿಲ್ಲ. ಉದ್ದೇಶವನ್ನು ವಿಚಾರಿಸಲು ವಿದುರನೇ ಬೇಕು. ಅವನ ಸ್ಥಾನವನ್ನು ಗಣಿತಜ್ಞನಿಂದ ತುಂಬಿಸಲಾಗದು.

ಇದೆಲ್ಲ ಮುಗಿದುಹೋದ ಯುದ್ಧದ ಮಾತಲ್ಲವೆ ಎಂದು ಕೇಳುವವರಿಗೆ ಉತ್ತರವು ದೂರದಲ್ಲಿಲ್ಲ. ೨೦೨೦ರಲ್ಲಿ ಕೋವಿಡ್ ವ್ಯಾಧಿಯು ಹರಡಿದಾಗ ಬ್ರಿಟಿಷ್ ಸರಕಾರವು ತಾನು ವಿಜ್ಞಾನದ ಮಾತಿನಂತೆ ನಡೆಯುತ್ತಿರುವುದಾಗಿ ಹೇಳುತ್ತಿತ್ತು. ಆ ಮಾತನ್ನು ಹೇಳುತ್ತಿದ್ದ ಸಲಹಾಮಂಡಲಿಯ ಸದಸ್ಯರು ಯಾರೆಂಬ ಪಟ್ಟಿಯು ಮೊದಲ ತಿಂಗಳುಗಳಲ್ಲಿ ಹೊರಬಂದಿರಲಿಲ್ಲ. ಹಿಂದೆ ಸರಕಾರದ ಮುಖ್ಯ ವಿಜ್ಞಾನಸಲಹೆಗಾರರಾಗಿದ್ದ ಡೇವಿಡ್ ಕಿಂಗ್ ಅವರು ಮೇ ತಿಂಗಳಲ್ಲಿ ಸ್ವತಂತ್ರವಾದ ಬೇರೊಂದು ಮಂಡಲಿಯನ್ನು ರಚಿಸಿ, ಎಲ್ಲರಿಗೂ ಕಾಣುವಂತೆ ಅದರ ಸಭೆಯನ್ನು ನಡೆಸಿದರು. ಸರಕಾರವೂ ಅದೇ ತಿಂಗಳ ಆದಿಯಲ್ಲಿ ಪಟ್ಟಿಯನ್ನು ಪ್ರಕಟಿಸಿತ್ತು. ಎರಡನೆಯ ಮಂಡಲಿಯ ಮಾತೆಲ್ಲ ಸರಿಯಾಗಿತ್ತೆಂದು ಇದರ ಅರ್ಥವಲ್ಲ. ಮರುಲೆಕ್ಕಕ್ಕೆ ಒಂದು ಬಾಗಿಲು ತೆರೆಯಿತೆಂಬುದಷ್ಟೇ ಗ್ರಾಹ್ಯ. ೧೯೪೨ರಲ್ಲಿ ಇಲ್ಲದಿದ್ದುದು ಅದೇ.

ಒಟ್ಟಿನಲ್ಲಿ, ‘ಸೈನ್ಸ್ ಅಂಡ್ ಗವರ್ನಮೆಂಟ್’ ಸಂಪೂರ್ಣವಾದ ಇತಿಹಾಸವಲ್ಲ. ಪಕ್ಷಪಾತವುಳ್ಳ ಸಾಕ್ಷಿಯೊಬ್ಬನ ಹೇಳಿಕೆ. ಅದರ ನಾಯಕನು ಸ್ವಲ್ಪ ಹೆಚ್ಚು ಬೆಳಗುತ್ತಾನೆ, ಪ್ರತಿನಾಯಕನು ಸ್ವಲ್ಪ ಹೆಚ್ಚು ಕಪ್ಪಾಗುತ್ತಾನೆ, ತಾರೀಖುಗಳು ಕಥೆಯ ಸೊಗಸಿಗಾಗಿ ಹಿಂದೆ ಸರಿದಿವೆ, ಪರಿಹಾರವು ರೋಗಕ್ಕೆ ಸಾಲದು, ಬಂಗಾಳವಿಲ್ಲ. ಇಷ್ಟು ದೋಷಗಳಿದ್ದೂ ಇದು ಓದತಕ್ಕ ಗ್ರಂಥ. ವಿಜ್ಞಾನಿಯು ರಾಜಕಾರ್ಯದಲ್ಲಿ ಕೈಯಿಟ್ಟಾಗ ಅವನ ವಿದ್ಯೆಯೊಡನೆ ಅವನ ಸ್ನೇಹ, ಮತ್ಸರ, ಅಭಿಮಾನಗಳೂ ಒಳಗೆ ಬರುವುವೆಂಬುದನ್ನು ಇಷ್ಟು ನೇರವಾಗಿ ಹೇಳಿದವರು ವಿರಳ. ವಾಚಕರು ಇದನ್ನು ಓದುವಾಗ ಟಿಜರ್ಡರ ಪಕ್ಷವನ್ನೋ ಲಿಂಡೆಮನ್ನರ ಪಕ್ಷವನ್ನೋ ಹಿಡಿಯಬೇಕಾಗಿಲ್ಲ. ಯಾವುದೇ ಸರಕಾರವು ವಿಜ್ಞಾನದ ಹೆಸರಿನಲ್ಲಿ ಒಂದು ಸಂಖ್ಯೆಯನ್ನು ಮುಂದಿಟ್ಟಾಗ ಮೂರು ಪ್ರಶ್ನೆಗಳನ್ನು ಕೇಳಲು ಕಲಿತರೆ ಸಾಕು: ಈ ಲೆಕ್ಕವು ತೀರ್ಮಾನಕ್ಕೆ ಮೊದಲು ಹುಟ್ಟಿತೋ ಅನಂತರವೋ, ಇದನ್ನು ಮತ್ತೊಬ್ಬರು ಎಣಿಸಿ ನೋಡಿದರೋ ಇಲ್ಲವೋ, ಇದರಲ್ಲಿ ಎಣಿಕೆಗೆ ಬಾರದೆ ಉಳಿದವರು ಯಾರು. ಮೊದಲ ಎರಡಕ್ಕೆ ವಿಜ್ಞಾನಿಯು ಉತ್ತರಕೊಡಬಲ್ಲನು. ಮೂರನೆಯದಕ್ಕೆ ಉತ್ತರವನ್ನು ಪ್ರಜೆಗಳೇ ಹುಡುಕಬೇಕು.